ಕೊರಳಿನ ಕಟ್ಟಿಗೆ

ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಕತ್ತರಿ ಕೈಚೀಲದಲ್ಲಿ. ಇವೆರಡೂ ಒಬ್ಬಳ ಹತ್ತಿರವೇ ಇರಬಾರದು ಎಂದು ನಮ್ಮವರು ಮದುವೆಯಾದ ವರ್ಷದಿಂದ ಹೇಳುತ್ತ ಬಂದಿದ್ದಾರೆ. ನಾನು ಕಿವಿಗೆ ಹಾಕಿಕೊಂಡವಳಲ್ಲ. ಹೊಲಿಗೆಯವಳ ಚೀಲದಲ್ಲಿ ಕತ್ತರಿ ಇರದೆ ಇನ್ನೇನು ಸೌಟು ಇರಬೇಕೆ? ಧಾರವಾಡದ ಕೆಲಗೇರಿ ರಸ್ತೆಯಲ್ಲಿ ನಮ್ಮ ಮನೆ, ಮುಂದಿನ ಕೋಣೆಯೇ ನನ್ನ ಅಂಗಡಿ. ಬ್ಲೌಜು, ಫಾಲ್ಸು, ಪಿಕೊ. ಹುಬ್ಬಳ್ಳಿಯ ವಿದ್ಯಾನಗರದಿಂದಲೂ ಹೆಂಗಸರು ಬಸ್ಸು ಹತ್ತಿ ಬಂದು ವಾಣಿಶ್ರೀಯ ಕೈಯಲ್ಲೇ ಹೊಲಿಸಬೇಕು ಎಂದು ಅಳತೆ ಕೊಟ್ಟು ಹೋಗುತ್ತಾರೆ. ಜಂಬಕ್ಕೆ ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ಫೆಬ್ರವರಿಯ ಒಂದು ಬೆಳಿಗ್ಗೆ ಕೆಲಗೇರಿ ಕೆರೆಯ ಆಚೆ ಗಿರಾಕಿಯೊಬ್ಬರ ಮನೆಗೆ ಬ್ಲೌಜು ಕೊಟ್ಟು ಸ್ಕೂಟಿಯಲ್ಲಿ ವಾಪಸ್ಸು ಬರುತ್ತಿದ್ದೆ. ಕಡಲೆ ಕಿತ್ತ ಹೊಲದ ಬದುವಿನ ಮೇಲೆ ಒಂದು ನಾಯಿಮರಿ ಕೂತಿತ್ತು. ಎರಡು ತಿಂಗಳ ಮರಿ ಇದ್ದೀತು. ಕಂದು ಮೈ, ಕರಿ ಮೂತಿ, ಒಂದು ಕಿವಿ ನಿಮಿರಿ ಒಂದು ಕಿವಿ ಬಿದ್ದಿತ್ತು. ಕೊರಳಿಗೆ ಹಗ್ಗ, ಹಗ್ಗದ ತುದಿಗೆ ಗೇಣುದ್ದದ ಕಟ್ಟಿಗೆ ಅಡ್ಡಡ್ಡ ನೇತಾಡುತ್ತಿತ್ತು. ನನ್ನನ್ನು ಕಂಡು ಎದ್ದು ಓಡಿ ಬಂತು. ಓಡಿದ ಕೂಡಲೇ ಕಟ್ಟಿಗೆ ಅದರ ಮುಂಗಾಲಿಗೆ ಬಡಿಯಿತು, ಮುಗ್ಗರಿಸಿ ಉರುಳಿತು. ಮತ್ತೆ ಎದ್ದಿತು, ಮತ್ತೆ ಬಡಿಯಿತು.

ನನ್ನ ರಕ್ತ ಕುದಿಯಿತು. ಸುತ್ತ ನೋಡಿದೆ, ಯಾರೂ ಇರಲಿಲ್ಲ. ದೂರದಲ್ಲಿ ಎಲ್ಲೋ ಗಂಟೆಯ ಸದ್ದು ಇತ್ತು. ಇತ್ತು ಎಂಬುದು ಈಗ ನೆನಪಾಗುತ್ತದೆ. ಆಗ ನನಗೆ ನನ್ನ ಸಿಟ್ಟಿನ ಸದ್ದೊಂದೇ ಕೇಳುತ್ತಿತ್ತು. ಒಂದು ಕೈಯಲ್ಲಿ ಫೋನು ಹಿಡಿದೆ, ಇನ್ನೊಂದು ಕೈಯಲ್ಲಿ ಕತ್ತರಿ. "ನೋಡ್ರಿ, ಎಂಥಾ ಜನಾ ಇರ್ತಾರ ನೋಡ್ರಿ! ಮಾತ ಬಾರದ ಜೀವಕ್ಕ ಈ ಗತಿ ಮಾಡ್ಯಾರ!" ಎಂದು ಫೋನಿಗೆ ಹೇಳುತ್ತ ಹಗ್ಗವನ್ನು ಕಚಕ್ಕನೆ ಕತ್ತರಿಸಿದೆ. ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಕಟ್ಟಿಗೆಯನ್ನೂ ಬಿಡಲಿಲ್ಲ, ಚೀಲಕ್ಕೆ ತುರುಕಿದೆ.

ನಮ್ಮಲ್ಲಿ ಮೂಕಬಂಧು ಬಳಗ ಎಂಬ ಒಂದು ವಾಟ್ಸಾಪ್ ಗುಂಪಿದೆ. ಬೀದಿನಾಯಿ, ಬೆಕ್ಕು, ರೆಕ್ಕೆ ಮುರಿದ ಹದ್ದು ಎಲ್ಲಕ್ಕೂ ಓಡಾಡುವವರು. ಅದನ್ನು ನಡೆಸುವ ಆರತಿ ನನ್ನ ವಿಡಿಯೋವನ್ನು ಎಲ್ಲ ಕಡೆ ಹಾಕಿದಳು. ವಾರದೊಳಗೆ ಎಂಬತ್ತು ಸಾವಿರ ಜನ ನೋಡಿದರು. "ಶೆಫರ್ಡ್ ಮಿಶ್ರ ತಳಿಯ ಗಂಡು ಮರಿ, ಒಳ್ಳೆಯ ಮನೆ ಬೇಕಾಗಿದೆ" ಎಂದು ಜಾಹೀರಾತೂ ಹೋಯಿತು. ದತ್ತು ಪಡೆಯುವವರು ಸಿಗುವ ತನಕ ಮರಿ ನಮ್ಮ ಮನೆಯಲ್ಲಿ. ಬಳಗದವರು ಇದಕ್ಕೆ ಫಾಸ್ಟರ್ ಎನ್ನುತ್ತಾರೆ. ಫಾಸ್ಟರ್ ಮನೆಗೆ ಒಂದು ನಿಯಮ: ಹೆಸರಿಡಬಾರದು, ಇಟ್ಟರೆ ಬಿಟ್ಟುಕೊಡುವುದು ಕಷ್ಟ. ನಾನು ನಿಯಮ ಪಾಲಿಸಿ "ಏ ಮರಿ" ಎಂದೇ ಕರೆದೆ. ಕರೆದು ಕರೆದು ಅದೇ ಹೆಸರಾಯಿತು.

ಕಟ್ಟಿಗೆಯ ಮೇಲೆ ಕರಿ ಮಾರ್ಕರಿನಿಂದ "ಕ್ರೌರ್ಯಕ್ಕೆ ಸಾಕ್ಷಿ" ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಗಡಿಯ ಗೋಡೆಗೆ, ಅಳತೆಪಟ್ಟಿಯ ಪಕ್ಕಕ್ಕೆ ತೂಗುಹಾಕಿದೆ. ಬಂದ ಗಿರಾಕಿಗಳೆಲ್ಲ ಅದೇನು ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಮೊದಲ ದಿನ ನಾನು ಹೇಳಿದ್ದರಲ್ಲಿ ಮರಿ ಎರಡು ಸಲ ಉರುಳಿತ್ತು, ಹತ್ತನೆಯ ದಿನದ ಹೊತ್ತಿಗೆ ಅದು ಐದಾರು ಸಲ ಉರುಳತೊಡಗಿತ್ತು.

ಆದರೆ ಮರಿಯ ನಡತೆ ನನ್ನ ಕಥೆಗೆ ಹೊಂದುತ್ತಿರಲಿಲ್ಲ. ಪೆಟ್ಟು ತಿಂದ ಪ್ರಾಣಿ ಮನುಷ್ಯರನ್ನು ಕಂಡರೆ ಮುದುರಬೇಕು. ಇದು ಬಾಲ ಅಲ್ಲಾಡಿಸುತ್ತಿತ್ತು. ಕ್ಲಿನಿಕ್ಕಿನ ಹೊಸ ಡಾಕ್ಟರು ಅದರ ಕೊರಳನ್ನು ಬೆರಳಿನಿಂದ ಬಿಡಿಸಿ ನೋಡಿದರು.

"ಗಾಯ ಎಲ್ಲೈತ್ರಿ? ಕೂದ್ಲ ಸುದ್ದಾ ಉದುರಿಲ್ಲ. ಹೊಟ್ಟಿ ಗಟ್ಟಿ ಐತಿ, ಕಣ್ಣ ಸ್ವಚ್ಛ ಅದಾವ. ಇದನ್ನ ಯಾರೋ ಛಲೋ ಸಾಕ್ಯಾರ."

"ಛಲೋ ಸಾಕಿದವರು ಕೊಳ್ಳಾಗ ಕಟಗಿ ಕಟ್ಟತಾರೇನ್ರಿ?" ಎಂದು ನಾನು ಡಾಕ್ಟರ ಮೇಲೇ ಹರಿಹಾಯ್ದೆ. ಅವರು ಸುಮ್ಮನೆ ಸೂಜಿ ಚುಚ್ಚಿ ಕಳಿಸಿದರು.

ನಮ್ಮದು ಲಿಂಗವಂತರ ಮನೆ, ತತ್ತಿ ಒಳಗೆ ಬರುವಂತಿಲ್ಲ. ಮರಿಗೆಂದು ಪ್ಯಾಕೆಟ್ಟಿನ ಆಹಾರ ತಂದೆ, ಮೂಸಿ ಮುಖ ತಿರುಗಿಸಿತು. ನಿನ್ನೆಯ ಒಣಗಿ ಗಟ್ಟಿಯಾದ ಕಟಕ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದುಹಾಕಿದರೆ ತಾಟು ನೆಕ್ಕಿ ಬೆಳಗಿ ಇಡುತ್ತಿತ್ತು. ಆದರೆ ಸಂಜೆ ಮಾತ್ರ ನಮ್ಮವರು ಬರುವ ತನಕ ತಿನ್ನುತ್ತಿರಲಿಲ್ಲ. ಅವರು ಕೆಲಸ ಮಾಡುವ ಕಾರ್ಖಾನೆ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಬಸ್ಸಿಳಿದು ಮನೆ ಸೇರುವಾಗ ಏಳೂವರೆ. ಅಲ್ಲಿಯವರೆಗೆ ಮರಿ ಗೇಟಿನ ಹತ್ತಿರ, ಮನೆಗೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಮಾಡಿ ಕೂತಿರುತ್ತಿತ್ತು. ಅವರು ಒಳಗೆ ಬಂದ ಮೇಲೆ ಮನೆಯನ್ನು ಒಂದು ಸುತ್ತು ಹಾಕಿ, ಆಮೇಲೆ ತಾಟಿಗೆ ಬಾಯಿ ಹಾಕುತ್ತಿತ್ತು. ಮೆತ್ತನೆಯ ಹಾಸಿಗೆ ಹಾಕಿದರೆ ಮಲಗದೆ, ಹೊಸ್ತಿಲಾಚೆ ನಮ್ಮ ಚಪ್ಪಲಿಗಳ ನಡುವೆ ಮಲಗುತ್ತಿತ್ತು. ಇದೆಂಥ ನಾಯಿಯೋ ನನಗೆ ತಿಳಿಯಲೇ ಇಲ್ಲ.

ಇನ್ನೊಂದು ಚಾಳಿ. ನಾನು ಹೆಲ್ಮೆಟ್ ಹಾಕಿಕೊಂಡು ಗೇಟು ತೆರೆದರೆ ನನ್ನನ್ನೇ ಬೊಗಳುತ್ತಿತ್ತು. ಎದೆಯುಬ್ಬಿಸಿ, ಮುಂಗಾಲು ಊರಿ, ಒಂದು ಹೆಜ್ಜೆ ಬಿಡುತ್ತಿರಲಿಲ್ಲ. ಹೆಲ್ಮೆಟ್ ತೆಗೆದ ಕೂಡಲೇ ಎರಡೂ ಕಿವಿ ಬೀಳಿಸಿ, ನಾಚಿಕೆಪಟ್ಟಂತೆ ಸೊಂಟ ಬಳುಕಿಸುತ್ತ ಓಡಿ ಬಂದು ನನ್ನ ಪಾದದ ಮೇಲೆ ಬೀಳುತ್ತಿತ್ತು. ಆ ಒಂದು ಗಳಿಗೆಗಾಗಿ ನಾನು ದಿನಾಲೂ ಬೇಕಂತಲೇ ಹೆಲ್ಮೆಟ್ ಹಾಕಿಕೊಂಡೇ ಗೇಟು ತೆರೆಯುತ್ತಿದ್ದೆ. ಹೆಸರಿಡದೆ ಇದ್ದುದರಿಂದ ಏನೂ ಉಪಯೋಗವಾಗಲಿಲ್ಲ, ಮರಿ ನನ್ನನ್ನು ಹಚ್ಚಿಕೊಂಡುಬಿಟ್ಟಿತ್ತು. ನಾನೂ ಅದನ್ನು.

ದತ್ತು ಕೇಳಿ ಬಂದವರಲ್ಲಿ ನಾನು ಒಪ್ಪಿದ್ದು ಪ್ರಾಚಿಯನ್ನು. ಗೋಕುಲ ರಸ್ತೆಯ ಕಡೆ ಅವಳ ಫ್ಲ್ಯಾಟು, ಬ್ಯಾಂಕಿನಲ್ಲಿ ಕೆಲಸ. ಹದಿಮೂರು ವರ್ಷ ಸಾಕಿದ ನಾಯಿ ಹೋದ ದೀಪಾವಳಿಗೆ ಸತ್ತಿತ್ತು. ಎರಡು ಸಲ ಬಂದಳು. ಎರಡೂ ಸಲ ನೆಲದ ಮೇಲೆ ಕೂತು, ಮರಿ ತಾನಾಗಿ ಬರುವ ತನಕ ಕಾದಳು. ಇಂಥವಳಿಗೇ ಕೊಡಬೇಕು ಅನಿಸಿತು. ಮಾರ್ಚಿನ ಮೂರನೇ ರವಿವಾರ ಒಯ್ಯುವುದೆಂದು ಮಾತಾಯಿತು.

ಅದರ ಹಿಂದಿನ ಬುಧವಾರ ಮಾಶಾಬಿ ಕೆಲಸಕ್ಕೆ ವಾಪಸ್ಸು ಬಂದಳು. ಮಾಶಾಬಿ ನನ್ನ ಅಂಗಡಿಯಲ್ಲಿ ಹುಕ್ಕು, ಕಾಜಾ, ಕೈಹೊಲಿಗೆ ನೋಡಿಕೊಳ್ಳುವವಳು. ಮಗಳ ಬಾಣಂತನಕ್ಕೆಂದು ನವಲಗುಂದದ ಕಡೆ ತವರೂರಿಗೆ ಹೋಗಿ ಒಂದೂವರೆ ತಿಂಗಳಾಗಿತ್ತು. ಬಂದವಳೇ ಗೋಡೆ ನೋಡಿದಳು.

"ಅಕ್ಕಾರ, ಕುರಿಗಾರರ ಕಟಗಿ ನಿಮ್ಮ ಕಡೆ ಹೆಂಗ ಬಂತ್ರಿ?"

"ಯಾವ ಕುರಿಗಾರರು?"

"ಇದು ನಾಯಿಮರಿ ಕೊಳ್ಳಾಗಿಂದಲ್ರಿ. ನಮ್ಮೂರ ಹೊಲಕ್ಕ ವರ್ಷಾ ಹಿಂಡ ಬರ್ತಾವ. ಮರಿ ಇದ್ದಾಗ ನಾಯಿಗಿ ಆಟ ಭಾಳರಿ, ಕುರಿಮರಿ ಬೆನ್ನ ಹತ್ತತಾವ. ಕುರಿ ಹೆದರಿ ಚದುರಿದ್ರ ಒಟ್ಟ ಮಾಡೂದ್ರಾಗ ಜೀವಾ ಹೋಗ್ತೇತಿ. ಅದಕ್ಕ ಕಟಗಿ ಕಟ್ಟತಾರ. ನಡದ್ರ ಏನೂ ಆಗೂದಿಲ್ಲ, ಓಡಿದ್ರಷ್ಟ ಕಾಲಿಗಿ ಬಡೀತೇತಿ. ಎರಡ ಮೂರ ತಿಂಗಳ ಅಷ್ಟ. ತಿಳುವಳಿಕಿ ಬಂತಂದ್ರ ಬಿಚ್ಚತಾರ."

ನಾನು ಕತ್ತರಿಸುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಮಾಶಾಬಿ ಕಟ್ಟಿಗೆಯನ್ನು ಇಳಿಸಿ ಕೈಯಲ್ಲಿ ತಿರುವಿದಳು. ತುದಿಗಳು ಸವೆದು ನುಣುಪಾಗಿದ್ದವು. ಹಗ್ಗ ಕೂರುವ ಕಚ್ಚು ಆಳವಾಗಿತ್ತು. "ಭಾಳ ಹಳೇದೈತ್ರಿ. ಎಷ್ಟ ಮರಿ ಇದರಾಗ ಕಲ್ತಾವೋ ಏನೋ" ಎಂದಳು. ಓದು ಬಾರದ ಮಾಶಾಬಿ ನಾನು ಬರೆದ ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿ, ಕಟ್ಟಿಗೆಯನ್ನು ಮತ್ತೆ ಗೋಡೆಗೆ ಹಾಕಿದಳು.

ಆಗ ನನಗೆ ನೆನಪಾಯಿತು. ವಿಡಿಯೋದ ಕೆಳಗೆ ಒಬ್ಬ ಬರೆದಿದ್ದ: "ಅಕ್ಕಾ, ಅದು ಕುರಿ ಕಾಯುವವರ ನಾಯಿ ಇರಬೇಕು. ಆಜೂಬಾಜೂ ಕೇಳಿ ನೋಡ್ರಿ." ಕ್ರೌರ್ಯವನ್ನು ಸಮರ್ಥಿಸಿಕೊಳ್ಳುವವರಿಗೆ ನಾಚಿಕೆಯಾಗಬೇಕು ಎಂದು ಉತ್ತರ ಬರೆದು ನಾನು ಅವನನ್ನು ಬ್ಲಾಕ್ ಮಾಡಿದ್ದೆ.

ಇಡೀ ದಿನ ತಲೆ ನಿಲ್ಲಲಿಲ್ಲ. ಒಂದು ಬ್ಲೌಜಿಗೆ ಎರಡೂ ಎಡ ತೋಳು ಹಚ್ಚಿದೆ. ಆರತಿಗೆ ಫೋನು ಮಾಡಿದೆ.

"ಈಗ ಅದನ್ನೆಲ್ಲಾ ಕೆದರಬ್ಯಾಡ್ರಿ ಅಕ್ಕಾ" ಎಂದಳು ಅವಳು. "ಪ್ರಾಚಿ ಅವರ ಮನ್ಯಾಗ ಮರಿಗೆ ಡಾಕ್ಟರು, ಹಾಲು, ಫ್ಯಾನು ಎಲ್ಲಾ ಐತಿ. ಅಲ್ಲಿ ಹೋದ್ರ ದಿನಾ ಹತ್ತ ಹದಿನೈದ ಕಿಲೋಮೀಟರ್ ಬಿಸಿಲಾಗ ನಡೀಬೇಕು. ತೋಳ ಬಂದ್ರ ಎದುರ ನಿಂದರಬೇಕು. ಯಾವುದು ಛಲೋ ನೀವ ಹೇಳ್ರಿ."

ಕೇಳಿದರೆ ಅದೂ ಸರಿಯೇ ಅನಿಸಿತು. ಫೋನು ಇಟ್ಟ ಮೇಲೆ ಸರಿಯಲ್ಲ ಅನಿಸಿತು. ಸಂಜೆ ನಮ್ಮವರ ಮುಂದೆ ಹೇಳಿಕೊಂಡೆ. ಅವರು ಕಾಲು ತೊಳೆದುಕೊಂಡು, ಮರಿಯ ತಾಟಿಗೆ ರೊಟ್ಟಿ ಮುರಿದುಹಾಕುತ್ತ ಕೇಳಿದರು.

"ನಿನ್ನ ಗಿರಾಕಿ ಒಬ್ಬಾಕಿ ಬ್ಯಾರೇದವರ ಬ್ಲೌಜ ತಪ್ಪಿ ಒಯ್ದು, ನನಗ ಛಲೋ ಒಪ್ಪತೇತಿ, ನಾ ಕೊಡೂದಿಲ್ಲ ಅಂದ್ರ ಬಿಡ್ತೀಯೇನು?"

"ಬ್ಲೌಜಿಗೂ ನಾಯಿಗೂ ಏನ ಸಂಬಂಧರಿ?" ಎಂದು ರೇಗಿದೆ. ರೇಗಿದ್ದು ಅವರ ಮೇಲಲ್ಲ. ಅವರಿಗೂ ಅದು ಗೊತ್ತಿತ್ತು.

ಮರುದಿನ ಕೆಲಗೇರಿಗೆ ಹೋದೆ. ಸುಮ್ಮನೆ ಕೇಳಿ ಬರುವುದು, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಆ ಕಡಲೆ ಹೊಲದ ಒಡೆಯ ನೀಲಕಂಠಪ್ಪ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಹೋದ ತಿಂಗಳು ಇಲ್ಲಿ ಕುರಿಹಿಂಡು ಇತ್ತೇ ಎಂದು ಕೇಳಿದೆ.

"ಹೂಂ, ಶಿವಲಿಂಗವ್ವನ ಹಿಂಡು. ಗೊಬ್ಬರಕ್ಕಂತ ಎಂಟ ದಿನ ನಿಲ್ಲಿಸ್ಕೊಂಡಿದ್ದೆ. ಒಂದ್ ನಾಯಿಮರಿ ಹೋತು ಅಂತ ಮತ್ತ ಎರಡ ದಿನ ತಾವ ನಿಂತ್ರು. ಮನಿ ಮನಿ ಕೇಳಿದ್ರು. ಹಾಸಿಗಿ, ಗಂಟು ಎಲ್ಲಾ ಈ ಬದುವಿನ ಆಚಿ ಇಟ್ಟು ಕುರಿಗೆ ನೀರ ಕುಡಸಾಕ ಕೆರಿಗಿ ಹೋಗಿದ್ರು. ಮರಿನ್ನ ಕಾವಲಕ್ಕ ಕುಂಡ್ರಸಿದ್ರು."

ನಾನು ಕಂಡಾಗ ಅದು ದಿಕ್ಕಿಲ್ಲದೆ ಕೂತಿರಲಿಲ್ಲ, ಕೆಲಸದ ಮೇಲಿತ್ತು. ಅವತ್ತು ದೂರದಲ್ಲಿ ಕೇಳಿದ ಗಂಟೆ ಆ ಕುರಿಗಳದ್ದೇ.

"ತೋಳ ಒಯ್ದಿರಬೇಕು ಅಂದ್ರು ಮಂದಿ" ಎಂದು ನೀಲಕಂಠಪ್ಪ ಮುಂದುವರಿಸಿದರು. "ಆದ್ರ ಹಗ್ಗದ ತುಂಡ ಬಿದ್ದಿತ್ತರಿ ಇಲ್ಲೆ, ನೀಟಾಗಿ ಕತ್ತರಿಸಿದ್ದು. ತೋಳದ ಹತ್ರ ಕತ್ತರಿ ಇರತೇತೇನ್ರಿ?"

ನಾನು ಕೈಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡೆ. ಹಿಂಡು ಈಗ ನಿಗದಿ ಎಂಬ ಊರಿನ ಹತ್ತಿರ ಇದೆ ಎಂದು ಅವರೇ ಹೇಳಿದರು.

ಗೊತ್ತಾದ ಮೇಲಾದರೂ ಮನಸ್ಸು ಒಂದು ಕಡೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಶುಕ್ರವಾರ ಬೆಳಿಗ್ಗೆ, ಕೊಟ್ಟುಬಿಡಬೇಕು. ಮಧ್ಯಾಹ್ನ, ಸ್ಕೂಟಿಯ ಕೆಳಗೆ ಅಂಗಾತ ಮಲಗಿದ ಅದರ ಹೊಟ್ಟೆ ನೋಡಿ, ಯಾಕೆ ಕೊಡಬೇಕು? ಕಾಡಿಗೆ, ಬಿಸಿಲಿಗೆ, ತೋಳಕ್ಕೆ ಯಾಕೆ ಕೊಡಬೇಕು? ಸಂಜೆ ಅದು ಗೇಟಿನ ಹತ್ತಿರ ರಸ್ತೆ ಕಡೆ ಮುಖ ಮಾಡಿ ಕೂತಾಗ ಮತ್ತೆ ಗೊಂದಲ. ಅದು ನಮ್ಮವರಿಗಾಗಿ ಕಾಯುತ್ತಿದೆಯೋ, ಕೆರೆಗೆ ಹೋದ ಕುರಿಗಳು ವಾಪಸ್ಸು ಬರಲೆಂದು ಕಾಯುತ್ತಿದೆಯೋ? ನಾಯಿಯನ್ನು ಕೇಳುವುದು ಹೇಗೆ? ಕಾಪಾಡಿದವಳು ಎಂದು ಎಂಬತ್ತು ಸಾವಿರ ಜನ ಹೊಗಳಿದ ನಾನು ಕಳ್ಳಿಯೋ ಏನೋ ಎಂದು ಹೇಳುವವರು ಯಾರು?

ಶನಿವಾರ ಪ್ರಾಚಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ದಿನಾ ನೀವು ಅಲ್ಲಿ ಯಾರನ್ನರೆ ಕೇಳಿದ್ರೇನು?"

"ಇಲ್ಲರಿ."

"ನನಗ ಅದು ಭಾಳ ಬೇಕಾಗೇದ, ಖರೇ ಹೇಳ್ತೀನಿ. ಅದಕ್ಕಂತ ಹಾಸಿಗಿ ತಂದೀನಿ. ಆದ್ರ ಯಾರೋ ಮನಿ ಮನಿ ಹುಡುಕಿದ ನಾಯೀನ್ನ ತಂದು ನಾ ಹೆಂಗ ಪ್ರೀತಿ ಮಾಡ್ಲಿ? ಒಯ್ದು ತೋರಸ್ರಿ. ಅವರು ಬ್ಯಾಡ ಅಂದ್ರ ಆ ಕ್ಷಣಾ ನನಗ ಫೋನ್ ಮಾಡ್ರಿ. ಹಾಸಿಗಿ ಎತ್ತಿಡೂದಿಲ್ಲ."

ಅವರು ಬೇಡ ಅನ್ನಲಿ ಎಂದು ನಾನು ರವಿವಾರ ದಾರಿಯುದ್ದಕ್ಕೂ ಬೇಡಿಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಬೇಡಿಕೊಂಡದ್ದು ನಿಜ. ಹಿಂದೆ ಮಾಶಾಬಿ ಕೂತಿದ್ದಳು, ಅವಳ ಮಡಿಲಲ್ಲಿ ಮರಿ, ಚೀಲದಲ್ಲಿ ಕಟ್ಟಿಗೆ. ನಿಗದಿ ಹತ್ತಿರ ಬಂದಂತೆ ಮರಿ ಮೂಗೆತ್ತಿ ಕುಂಯ್‌ಗುಡತೊಡಗಿತು.

ಬೇವಿನ ಮರದಾಚೆಯ ಹೊಲದಲ್ಲಿ ಕುರಿಗಳು ಬಿಸಿಲಿಗೆ ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಹುದುಗಿಸಿ ನಿಂತಿದ್ದವು. ಮೂರು ಕಲ್ಲಿನ ಒಲೆಯ ಮುಂದೆ ಅರವತ್ತರ ಹೆಂಗಸೊಬ್ಬಳು ರೊಟ್ಟಿ ಬಡಿಯುತ್ತಿದ್ದಳು, ಅವಳೇ ಶಿವಲಿಂಗವ್ವ. ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ನಾನು ಮಾತು ಹೊಂದಿಸಿಟ್ಟುಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ.

"ಅವ್ವಾರ, ನಿಮ್ಮ ಮರಿ ಒಯ್ದಾಕಿ ನಾನರಿ."

ಅವಳು ನನ್ನ ಮುಖ ನೋಡಲಿಲ್ಲ. ಕೈಯ ಹಿಟ್ಟು ಕೊಡವಿಕೊಂಡು ಎದ್ದು, ಮರಿಯ ಹೆಡಕು ಹಿಡಿದೆತ್ತಿ, ಹಲ್ಲು ನೋಡಿ, ಕಿವಿ ಮಡಚಿ ನೋಡಿ, "ದಪ್ಪ ಆಗೇತಿ" ಎಂದಳು. ನಾನು ಇದ್ದದ್ದನ್ನೆಲ್ಲ ಹೇಳಿದೆ. ಬಯ್ದಾಳು ಎಂದು ಕಾದೆ. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು, ತಿರುಗಿ ಬಯ್ಯಲು ನನಗೆ ಬರುತ್ತದೆ.

"ಮರಿ ಕಡೆ ಲಕ್ಷ್ಯ ಇಡಲಿಲ್ಲಂತ ನಾ ಸೊಸಿಗಿ ಬಾಯಿಗಿ ಬಂದಂಗ ಅಂದೆ" ಎಂದಳು ಶಿವಲಿಂಗವ್ವ. "ಎರಡ ದಿನ ಅಕಿ ಉಣ್ಣಲಿಲ್ಲ. ಸಂಜಿಮುಂದ ಬರತಾಳ ಅಕಿ. ಅಕಿ ಮುಂದ ನೀವ ಒಂದ ಮಾತ ಹೇಳ್ರಿ."

ಹೇಳುತ್ತೇನೆ ಎಂದೆ. ಆಮೇಲೆ ಕೇಳಿಯೇಬಿಟ್ಟೆ. "ಇದು ಇನ್ನ ನಿಮ್ಮ ಕೆಲಸಕ್ಕ ಬರತೇತೇನ್ರಿ? ಐದ ವಾರ ಮನ್ಯಾಗ ಬೆಳದೈತಿ. ಇದನ್ನ ಸಾಕೂ ಮಂದಿ ಅದಾರ್ರಿ, ಭಾಳ ಛಲೋ ಮಂದಿ. ನಿಮಗ ಬ್ಯಾಡಾದ್ರ..."

"ನೋಡೂಣು" ಎಂದಳು.

ಮೊದಲು ಬಂದದ್ದು ತಾಯಿ ನಾಯಿ. ಮರಿ ಅದನ್ನು ಕಂಡು ಕುಣಿಯಿತು. ತಾಯಿ ಮೂಸಿತು, ಮೂಗು ಸುಕ್ಕಾಗಿಸಿ ಗುರ್ ಎಂದಿತು. ಹೊರಡುವ ಮುಂಚೆ ಚೆನ್ನಾಗಿ ಕಾಣಲೆಂದು ನಾನು ಮರಿಗೆ ಶಾಂಪೂ ಹಾಕಿ ಮೀಯಿಸಿದ್ದೆ. ಆಮೇಲೆ ಶಿವಲಿಂಗವ್ವ ಅದನ್ನು ಕುರಿಮರಿಗಳ ನಡುವೆ ಬಿಟ್ಟಳು. ಒಂದು ತಾಯಿಕುರಿ ಮುಂಗಾಲು ನೆಲಕ್ಕೆ ಕುಟ್ಟಿತು. ಮರಿ ನಡುಗುತ್ತ ಬಂದು ನನ್ನ ಕಾಲ ಸಂದಿಗೆ ಸೇರಿಕೊಂಡಿತು. ಅದರ ಎದೆಬಡಿತ ನನ್ನ ಮೀನಖಂಡಕ್ಕೆ ತಿಳಿಯುತ್ತಿತ್ತು. ಪ್ರಾಚಿಗೆ ಫೋನು ಮಾಡಲೆಂದು ನನ್ನ ಕೈ ಚೀಲದೊಳಗೆ ಹೋಯಿತು. ಅಷ್ಟು ಸಂತೋಷ, ಅಷ್ಟು ಸಂಕಟ, ಎರಡೂ ಒಮ್ಮೆಗೇ ಆದದ್ದು ನನಗೆ ಅದೇ ಮೊದಲು.

ಶಿವಲಿಂಗವ್ವ ಅವಸರ ಮಾಡಲಿಲ್ಲ. ಒಂದು ಕುರಿಯನ್ನು ಹಿಡಿದು ಬೊಗಸೆಯಲ್ಲಿ ಹಾಲು ಹಿಂಡಿಕೊಂಡಳು. ಅದನ್ನು ಮರಿಯ ಬೆನ್ನಿಗೆ, ಕೊರಳಿಗೆ, ಮೂತಿಗೆ ಸವರಿದಳು. ಕುರಿ ಮಲಗುವ ಜಾಗದ ಮಣ್ಣು ತೆಗೆದು ಅದರ ಮೇಲೆ ತಿಕ್ಕಿದಳು. ನಾನು ತೊಳೆದದ್ದೆಲ್ಲ ಐದು ನಿಮಿಷದಲ್ಲಿ ಹೋಯಿತು.

"ನೀವು ದೂರ ಕುಂಡ್ರಿ. ನೀವಿದ್ರ ಅದು ನಿಮ್ಮ ಕಾಲ ಬಿಟ್ಟ ಬರೂದಿಲ್ಲ."

ನಾವು ಬೇವಿನ ಮರದ ಆಚೆ ಹೋಗಿ ಕೂತೆವು. ಅವಳು ಕಳಿಸಿದ ರೊಟ್ಟಿ, ಖಾರ ತಿಂದೆವು. ಕಟಕ ರೊಟ್ಟಿಯ ಮೇಲಿನ ಮರಿಯ ಪ್ರೀತಿ ಎಲ್ಲಿಂದ ಬಂದದ್ದೆಂದು ತಿಳಿಯಿತು. ಮಾಶಾಬಿ ನಿದ್ದೆ ಹೋದಳು. ನಾನು ಮರದ ಮರೆಯಿಂದ ನೋಡುತ್ತಲೇ ಇದ್ದೆ. ಮರಿ ಮೊದಲು ನನ್ನನ್ನು ಹುಡುಕಿತು. ಆಮೇಲೆ ನೆರಳು ಹುಡುಕಿತು. ಆಮೇಲೆ ತಾಯಿ ನಾಯಿ ಬಂದು ಹಾಲಿನ ವಾಸನೆಗೆ ಅದರ ಮೂತಿ ನೆಕ್ಕತೊಡಗಿತು, ಕೊರಳು ನೆಕ್ಕಿತು, ಕಿವಿ ನೆಕ್ಕಿತು. ಬಿಸಿಲು ಇಳಿಯುವ ಹೊತ್ತಿಗೆ ಮರಿ ಎರಡು ಕುರಿಮರಿಗಳ ನಡುವೆ ಬೆನ್ನು ಕೊಟ್ಟು ಮಲಗಿತ್ತು. ನಮ್ಮ ಚಪ್ಪಲಿಗಳ ನಡುವೆ ಮಲಗುತ್ತಿದ್ದಂತೆಯೇ.

ಸಂಜೆ ಸೊಸೆ ಬಂದಳು. ಅವಳ ಮುಂದೆ ನಿಂತು, ತಪ್ಪು ನಿನ್ನದಲ್ಲವ್ವಾ, ನನ್ನದು ಎಂದೆ. ಅವಳು ಅತ್ತೆಯ ಕಡೆ ಒಂದು ನೋಟ ನೋಡಿದಳು. ಆ ನೋಟ ನನಗೂ ತಾಗಿತು.

"ಕಟಗಿ ಎಲ್ಲಿ?" ಎಂದಳು ಶಿವಲಿಂಗವ್ವ. "ನಮ್ಮ ಮಾವ ಕೆತ್ತಿದ್ದದು."

ಚೀಲದಿಂದ ತೆಗೆದು ಕೊಟ್ಟೆ. ಅವಳು ತಿರುವಿ ನೋಡಿದಳು. "ಇದರ ಮ್ಯಾಲ ಏನ ಬರದೀರಿ?"

ನಾನು ಅದನ್ನು ಉಜ್ಜಿ ತೆಗೆಯಲು ಸೀಮೆಎಣ್ಣೆ ಹಚ್ಚಿದ್ದೆ, ಹೋಗಿರಲಿಲ್ಲ. "ಅದರ ಹೆಸರ್ರಿ" ಎಂದೆ.

"ಏನ ಹೆಸರ ಇಟ್ಟೀರಿ?"

ಮಾಶಾಬಿ ನನ್ನ ಮುಖ ನೋಡಿದಳು. ಒಂದು ಹೆಸರು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಒಂದೂ ನೆನಪಾಗಲಿಲ್ಲ.

"ಹೆಸರಲ್ಲರಿ ಅವ್ವಾರ. ಕ್ರೌರ್ಯಕ್ಕೆ ಸಾಕ್ಷಿ ಅಂತ ಬರದೇನಿ."

"ಅಂದ್ರ?"

"ಮೂಕ ಪ್ರಾಣಿಗೆ ಹಿಂಸಾ ಕೊಟ್ಟಾರ, ಅದಕ್ಕ ಇದು ಸಾಕ್ಷಿ, ಅಂತ."

"ಯಾರ ಕೊಟ್ಟಾರ?"

ಅವಳು ಚುಚ್ಚಲು ಕೇಳಲಿಲ್ಲ. ತಿಳಿಯದೆ ಕೇಳಿದಳು. ಎಷ್ಟೋ ಗಿರಾಕಿಗಳ ಮುಂದೆ ಎಷ್ಟೋ ಸಲ ಕೊಟ್ಟ ಉತ್ತರ ನನ್ನ ಬಾಯಲ್ಲಿ ಇರಲಿಲ್ಲ. ನನಗೆ ಅಳು ಬಂತು. ಅಳುತ್ತ ನಿಂತವಳ ಕೈಗೆ ಅವಳು ಹೊಸ ಹಗ್ಗ, ಹಳೆಯ ಕಟ್ಟಿಗೆ ಎರಡನ್ನೂ ಕೊಟ್ಟಳು.

"ನೀವ ಬಿಚ್ಚೀರಿ, ನೀವ ಕಟ್ರಿ. ಎರಡ ಬೆರಳ ಒಳಗ ಹೋಗಂಗ ಸಡ್ಲ ಇರಲಿ. ಅಕ್ಷರ ಎದಿ ಕಡೆ ತಿರುವಿ ಕಟ್ರಿ, ನಾಕ ಮಳಿ ಬಿದ್ರ ತಾನ ಹೋಗತೇತಿ."

ಇಪ್ಪತ್ತೆರಡು ವರ್ಷ ಹೊಲಿಗೆ ಮಾಡಿದ ನನ್ನ ಕೈಗೆ ಒಂದು ಗಂಟು ಹಾಕಲು ಮೂರು ಸಲ ಬೇಕಾಯಿತು. ಮರಿ ಕೊರಳು ಚಾಚಿ ಸುಮ್ಮನೆ ನಿಂತಿತ್ತು, ನಡುನಡುವೆ ನನ್ನ ಮಣಿಕಟ್ಟು ನೆಕ್ಕುತ್ತಿತ್ತು. ಎರಡು ಬೆರಳು ಹಾಕಿ ನೋಡಿದೆ. ಇನ್ನೊಮ್ಮೆ ಹಾಕಿ ನೋಡಿದೆ. ಬಿಟ್ಟ ಕೂಡಲೇ ಮರಿ ಕುರಿಗಳ ಕಡೆ ಓಡಿತು, ಕಟ್ಟಿಗೆ ಮೊಣಕಾಲಿಗೆ ಬಡಿಯಿತು. ಮರಿ ನಿಂತಿತು, ಯೋಚಿಸಿತು, ಆಮೇಲೆ ನಡೆದು ಹೋಯಿತು.

ಮರಿಯ ಹತ್ತಿರ ಹೋಗಿ ಹೇಳಿ ಬರುವ ಧೈರ್ಯವಾಗಲಿಲ್ಲ. ಸ್ಕೂಟಿಯ ಹತ್ತಿರ ಬಂದು ಹೆಲ್ಮೆಟ್ ಹಾಕಿಕೊಂಡೆ. ಮಾಶಾಬಿ ಹತ್ತಿ ಕೂತಳು. ಆಗ ಗಂಟು ಬಿಗಿಯಾಯಿತೇನೋ ಎಂಬ ಅನುಮಾನ ಬಂತು. ಇಳಿದು ಮತ್ತೆ ಹಿಂಡಿನ ಕಡೆ ನಾಲ್ಕು ಹೆಜ್ಜೆ ಹಾಕಿದೆ.

ಮರಿ ಹಿಂಡಿನ ಅಂಚಿನಲ್ಲಿ, ಕುರಿಗಳಿಗೆ ಬೆನ್ನು ಮಾಡಿ ಕೂತಿತ್ತು. ನನ್ನನ್ನು ಕಂಡು ಎದ್ದಿತು. ಎದೆಯುಬ್ಬಿಸಿ, ಮುಂಗಾಲು ಊರಿ, ಒಂದು ಹೆಜ್ಜೆ ಬಿಡದೆ ಬೊಗಳತೊಡಗಿತು.

ಒಲೆಯ ಹತ್ತಿರದಿಂದ ಶಿವಲಿಂಗವ್ವ ನಕ್ಕಳು. "ಆತು ಬಿಡ್ರಿ, ಕೆಲಸಕ್ಕ ಹತ್ತಿತು."

"ಅಕ್ಕಾರ, ಹೆಲ್ಮೆಟ್ ತಗೀರಿ" ಎಂದಳು ಹಿಂದಿನಿಂದ ಮಾಶಾಬಿ. "ಗುರ್ತ ಸಿಗವಲ್ದು ಅದಕ್ಕ. ತಗದ್ರ ಓಡಿ ಬರತೇತಿ."

ನನಗೆ ಗೊತ್ತಿತ್ತು. ಎರಡೂ ಕಿವಿ ಬೀಳಿಸಿ, ಸೊಂಟ ಬಳುಕಿಸುತ್ತ ಓಡಿ ಬರುತ್ತದೆ. ಕಟ್ಟಿಗೆ ಕಾಲಿಗೆ ಬಡಿದರೂ ಬರುತ್ತದೆ. ನನ್ನ ಕೈ ಗದ್ದದ ಕೆಳಗಿನ ಪಟ್ಟಿಯ ತನಕ ಹೋಗಿತ್ತು.

ಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡಿಕೊಂಡು, ತಿರುಗಿ ಬಂದು ಸ್ಕೂಟಿ ಚಾಲೂ ಮಾಡಿದೆ. ರಸ್ತೆ ಸೇರುವ ತನಕ ಅದು ನನ್ನನ್ನು ಬೊಗಳುತ್ತಲೇ ಇತ್ತು.